ಅಪ್ಪನ ಕಾರಿನ ಜೀರ್ಣೋದ್ಧಾರ

(ಮಾಗಡಿಯಲ್ಲಿ ಊರಿನ ಹಿರಿಯರು ಮತ್ತು ಯುವಕರ ಮುಂದೆ ಆಡಿದ ಮಾತುಗಳ ಪಾಠ)



ಗದಗ, ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರಗಳ ಶಾಸನಗಳನ್ನು ಓದಿದವರಿಗೆ ಒಂದು ಮಾತು ಚಿರಪರಿಚಿತ. ಗುಡಿಗೋ ಬಸದಿಗೋ ಕೆರೆಗೋ ಯಾರು ಎಷ್ಟು ಮತ್ತರು ಭೂಮಿ ಬಿಟ್ಟರು, ಅದರ ಎಲ್ಲೆ ಯಾವುದು, ನೋಡಿಕೊಳ್ಳಬೇಕಾದವರು ಯಾರು ಎಂಬುದನ್ನೆಲ್ಲ ವಿವರವಾಗಿ ಕೊರೆದ ಮೇಲೆ ಕೊನೆಗೆ ಕೆಲವು ಸಂಸ್ಕೃತ ಶ್ಲೋಕಗಳು ಬರುತ್ತವೆ. ಅವುಗಳಲ್ಲಿ ಒಂದರ ತಾತ್ಪರ್ಯ ಇಷ್ಟು: ತಾನೇ ದಾನ ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡಿಕೊಂಡು ಬರುವುದು ಇಮ್ಮಡಿ ಪುಣ್ಯದ ಕೆಲಸ. ಹೊಸತನ್ನು ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಹಳತನ್ನು ಉಳಿಸಿದವನ ಹೆಸರು ಎಷ್ಟೋ ಸಲ ಉಳಿಯುವುದಿಲ್ಲ. ಆದರೂ ನಮ್ಮ ಹಿರಿಯರು ಹೆಚ್ಚಿನ ಪುಣ್ಯವನ್ನು ಎರಡನೆಯವನ ಲೆಕ್ಕಕ್ಕೆ ಹಾಕಿದರು. ಜೀರ್ಣೋದ್ಧಾರ ಎಂಬ ಶಬ್ದಕ್ಕೆ ಕನ್ನಡಿಗರ ಮನಸ್ಸಿನಲ್ಲಿ ಇಷ್ಟೊಂದು ಗೌರವ ಇರುವುದು ಇದರಿಂದ.

ಈ ದೊಡ್ಡ ಮಾತನ್ನು ಒಂದು ಮೋಟಾರು ಕಾರಿಗೆ ಅನ್ವಯಿಸಿದರೆ ಕೆಲವರಿಗೆ ನಗು ಬರಬಹುದು. ಆದರೆ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಜೀರ್ಣೋದ್ಧಾರ ನಮ್ಮಲ್ಲೂ ಕಾಣಿಸಿಕೊಳ್ಳುತ್ತಿದೆ. ತಂದೆ ಅಥವಾ ತಾಯಿ ಬಹಳ ಹಿಂದೆ ಕೊಂಡ ಮೊದಲ ಕಾರು ಯಾವುದೋ ಕಾಲಕ್ಕೆ ಕೈಬಿಟ್ಟು ಹೋಗಿರುತ್ತದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಪರದೇಶದಲ್ಲೋ ಸಂಬಳ ಪಡೆಯುವ ಮಕ್ಕಳು ಅದೇ ಕಾರನ್ನು ಹುಡುಕಿ, ಕೊಂಡು, ಗುಟ್ಟಾಗಿ ದುರಸ್ತಿ ಮಾಡಿಸಿ ಒಂದು ದಿನ ಮನೆಯ ಮುಂದೆ ತಂದು ನಿಲ್ಲಿಸುತ್ತಾರೆ. ಅಮೆರಿಕ, ಯುರೋಪುಗಳಲ್ಲಿ ಇದು ಹಳೆಯ ರೂಢಿ, ನಮ್ಮಲ್ಲಿ ಹೊಸದು. ಹೊಸದಾದ್ದರಿಂದಲೇ ಇದನ್ನು ಹೇಗೆ ಮಾಡಬೇಕು, ಯಾತಕ್ಕಾಗಿ ಮಾಡಬೇಕು ಎಂದು ಸ್ವಲ್ಪ ವಿಚಾರ ಮಾಡುವುದು ಒಳ್ಳೆಯದು.

ಮೊದಲು ಹುಟ್ಟುವ ಪ್ರಶ್ನೆ: ಒಂದು ಕಾರಿಗೆ ಇಷ್ಟು ಮಹತ್ವ ಏಕೆ? ಇಂದು ಬೆಳಗ್ಗೆ ಹಣ ಕಟ್ಟಿ ಕೆಲವೇ ದಿನಗಳಲ್ಲಿ ಕಾರು ತರುವ ಕಾಲದಲ್ಲಿ ಬೆಳೆದವರಿಗೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತದಲ್ಲಿ ವಿದೇಶಿ ಕಾರುಗಳ ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕಂಪನಿಗಳಿದ್ದವು. 1953ರಲ್ಲಿ ಕೇಂದ್ರ ಸರ್ಕಾರ, ಇಲ್ಲಿಯೇ ಭಾಗಗಳನ್ನು ತಯಾರಿಸುವ ಯೋಜನೆ ಇದ್ದವರು ಮಾತ್ರ ಉಳಿಯಬಹುದು ಎಂದು ನಿರ್ಧರಿಸಿತು. ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಬಾಗಿಲು ಹಾಕಿದವು. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಮಧ್ಯಮ ವರ್ಗದವರ ಮುಂದೆ ಇದ್ದ ಹೆಸರುಗಳು ಮುಖ್ಯವಾಗಿ ಮೂರು. ಕಲ್ಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸುತ್ತಿದ್ದ ಅಂಬಾಸಿಡರ್, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿದ್ದ ಫಿಯಾಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಕಾರುಗಳ ಹಂಚಿಕೆ ಮತ್ತು ಮಾರಾಟಕ್ಕೆ 1959ರಲ್ಲಿ ಸರ್ಕಾರದ ನಿಯಂತ್ರಣ ಆಜ್ಞೆಯೇ ಬಂತು. ಹಣ ಇದ್ದರೂ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಿತ್ತು.

ಹೀಗಾಗಿ ಗದಗ-ಬೆಟಗೇರಿಯ ಅಡತಿ ವ್ಯಾಪಾರಿಯಾಗಲಿ, ಹತ್ತಿ ಜಿನ್ನಿನ ಮಾಲೀಕರಾಗಲಿ, ಮುಂಡರಗಿಯ ಡಾಕ್ಟರಾಗಲಿ, ಶಿರಹಟ್ಟಿಯ ವಕೀಲರಾಗಲಿ, ಕಾರು ಕೊಂಡರೆಂದರೆ ಅದು ಆ ಮನೆತನದ ಚರಿತ್ರೆಯಲ್ಲಿ ಒಂದು ಘಟನೆಯೇ ಆಗಿತ್ತು. ಕಾರು ಬಂದದ್ದು ಒಬ್ಬರ ಮನೆಗಾದರೂ ಅದರ ಉಪಯೋಗ ಓಣಿಗೆಲ್ಲ. ನಡುರಾತ್ರಿ ಹೆರಿಗೆ ನೋವು ಬಂದರೆ, ಹೊಲದಲ್ಲಿ ಹಾವು ಕಚ್ಚಿದರೆ, ಮದುವೆಯ ದಿಬ್ಬಣ ಹೊರಟರೆ ಆ ಕಾರೇ ಬೇಕು. ಗೇರಿನ ಕೋಲು ಸ್ಟಿಯರಿಂಗ್ ಪಕ್ಕದಲ್ಲೇ ಇದ್ದುದರಿಂದ ಮುಂದಿನ ಉದ್ದನೆಯ ಸೀಟಿನಲ್ಲಿ ಮೂವರು ಆರಾಮಾಗಿ ಕೂಡುತ್ತಿದ್ದರು. ಹಿಂದೆ ಎಷ್ಟು ಮಂದಿ ಎಂಬುದಕ್ಕೆ ಲೆಕ್ಕವೇ ಇರಲಿಲ್ಲ. ಖಂಡೇನವಮಿಯ ದಿನ ಅದಕ್ಕೂ ಪೂಜೆ, ಹಾರ, ಕುಂಬಳಕಾಯಿ. ಮನೆಯ ಎತ್ತಿಗೆ ಹೆಸರಿದ್ದಂತೆ ಕೆಲವು ಮನೆಗಳಲ್ಲಿ ಕಾರಿಗೂ ಅಡ್ಡ ಹೆಸರಿತ್ತು. ಮನೆಯ ಹಳೆಯ ಆಲ್ಬಮ್ ತೆಗೆದು ನೋಡಿ. ಅಪ್ಪ, ಅವ್ವ ನಿಂತ ಫೋಟೋದಲ್ಲಿ ಅವರ ಹಿಂದೆ ಕಾರಿನ ಬಾನೆಟ್ ಇರುತ್ತದೆ. ಅದನ್ನು ಬೇಕೆಂದೇ ಫೋಟೋದೊಳಗೆ ತಂದಿರುತ್ತಾರೆ.

ಅಂಥ ಕಾರು ಮನೆಯಿಂದ ಹೊರಟು ಹೋದದ್ದು ಹೇಗೆ? ಉತ್ತರ ಮನೆಮನೆಗೂ ಬೇರೆ. ಮಗಳ ಮದುವೆಗೆ ಮಾರಿದವರಿದ್ದಾರೆ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಕಾರು ಒಬ್ಬರ ಪಾಲಿಗೆ ಹೋಗಿ ಅಲ್ಲಿಂದ ಇನ್ನೆಲ್ಲಿಗೋ ಹೋದದ್ದಿದೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಮಳೆ ಕೈಕೊಟ್ಟು ಉತ್ತರ ಕರ್ನಾಟಕ ಬರಕ್ಕೆ ತುತ್ತಾದದ್ದು ಹಿರಿಯರಿಗೆ ನೆನಪಿದೆ. 1973ರಲ್ಲಿ ಜಗತ್ತಿನಲ್ಲೆಲ್ಲ ತೈಲದ ಬೆಲೆ ಏರಿ ಪೆಟ್ರೋಲು ತುಟ್ಟಿಯಾಯಿತು. ಇಂಥ ಹೊಡೆತಗಳಲ್ಲಿ ಕಾರು ಸಾಕುವುದು ಭಾರವಾದವರು ಎಷ್ಟೋ ಮಂದಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಹಳೆಯ ಫಿಯಾಟು, ಅಂಬಾಸಿಡರುಗಳ ಮಾನ ಇಳಿಯಿತು. ಕೆಲವು ಕಾರುಗಳು ಬಾಡಿಗೆ ಓಡಿದವು, ಕೆಲವು ಕೊಟ್ಟಿಗೆಯ ಮೂಲೆ ಸೇರಿದವು, ಬಹಳಷ್ಟು ಗುಜರಿಗೆ ಹೋಗಿ ಕರಗಿದವು.

ಕಳೆದು ಹೋದ ವಾಹನ ಮರಳಿ ಬಂದ ಒಂದು ಪ್ರಸಂಗ ಕರ್ನಾಟಕದಲ್ಲೇ ನಡೆದಿದೆ. ಅದು ಕಾರಿನದಲ್ಲ, ಬುಲೆಟ್ ಮೋಟಾರ್ ಸೈಕಲ್ಲಿನದು. ಕರಾವಳಿಯಲ್ಲಿ ಕೆಲಸದಲ್ಲಿದ್ದ ಒಬ್ಬ ಬ್ಯಾಂಕ್ ಮ್ಯಾನೇಜರು 1971ರಲ್ಲಿ ಅದನ್ನು ಕೊಂಡಿದ್ದರು. ವರ್ಗವಾದ ಊರುಗಳಿಗೆಲ್ಲ ಜೊತೆಗೆ ಒಯ್ದು, ಕಡೆಗೆ ತೊಂಬತ್ತರ ದಶಕದಲ್ಲಿ ಒಬ್ಬ ಗೆಳೆಯರಿಗೆ ಮಾರಿದರು. ಮುಂದೆಂದಾದರೂ ಮಾರುವುದಾದರೆ ತಮಗೇ ಕೊಡಬೇಕು ಎಂಬ ಮಾತಿನ ಮೇಲೆ ಮಾರಿದ್ದು. ಆದರೆ 1996ರಲ್ಲಿ ಅದು ಗೆಳೆಯರ ಮನೆಯಿಂದ ಕಳವಾಯಿತು. ಮಗ ದೊಡ್ಡವನಾಗಿ ಅದನ್ನು ಹುಡುಕತೊಡಗಿದ. ಗ್ಯಾರೇಜುಗಳನ್ನು ಕೇಳಿದ, ಸಾರಿಗೆ ಕಚೇರಿಗಳಿಗೆ ಅಲೆದ. ಹಳೆಯ ದಾಖಲೆಗಳು ಕಂಪ್ಯೂಟರಿಗೆ ಏರಿದ ಮೇಲೆ, ಸುಮಾರು ಹದಿನೈದು ವರ್ಷಗಳ ಹುಡುಕಾಟದ ನಂತರ 2021ರಲ್ಲಿ, ಅದೇ ನಂಬರಿನ ಗಾಡಿ ಮೈಸೂರು ಜಿಲ್ಲೆಯ ಒಬ್ಬ ರೈತರ ಬಳಿ ಇರುವುದು ಗೊತ್ತಾಯಿತು. ಮಗ ಹೋಗಿ, ರೈತರನ್ನು ಒಪ್ಪಿಸಿ, ಹಣ ಕೊಟ್ಟು ತಂದು ತಂದೆಗೆ ಒಪ್ಪಿಸಿದ. ಆ ಹಣಕ್ಕೆ ಬೇರೊಂದು ಬುಲೆಟ್ ಸಿಕ್ಕೇ ಸಿಗುತ್ತಿತ್ತು. ಆದರೆ ಬೇಕಾಗಿದ್ದದ್ದು ಬೇರೊಂದಲ್ಲ, ಅದೇ.

‘ಅದೇ’ ಎಂಬ ಈ ಎರಡಕ್ಷರದ ಮಾತಿನಲ್ಲೇ ಈ ವಿಷಯದ ಗಂಟು ಇದೆ. ಅದೇ ಗಾಡಿ ಎಂದು ತಿಳಿಯುವುದು ಹೇಗೆ?

ಒಂದು ಉತ್ತರ ಸರ್ಕಾರದ್ದು. ಆರ್.ಸಿ. ಪುಸ್ತಕದಲ್ಲಿ ಬರೆದ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ನೋಂದಣಿ ಸಂಖ್ಯೆ ಹೊಂದಿದರೆ ಅದೇ ಗಾಡಿ. ಹುಡುಕುವವರಿಗೆ ಇದೇ ಮೊದಲ ಸೂತ್ರ. ಆದರೆ ನಮ್ಮ ಸೀಮೆಯಲ್ಲಿ ಈ ಸೂತ್ರ ಹಿಡಿದು ಹೋಗುವುದು ಅಷ್ಟು ಸರಳವಲ್ಲ. ಲಕ್ಷ್ಮೇಶ್ವರ 1948ರವರೆಗೆ ಮೀರಜ್ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಸಂಸ್ಥಾನಗಳು ವಿಲೀನವಾಗಿ ಎಲ್ಲವೂ ಮುಂಬಯಿ ರಾಜ್ಯಕ್ಕೆ ಬಂದವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. 1988ರ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಗೆ ಬಂದ ಮೇಲೆ ಈಗಿನ ‘ಕೆಎ’ ಸಂಕೇತ ಬಂತು. 1997ರಲ್ಲಿ ಗದಗ ಬೇರೆ ಜಿಲ್ಲೆಯಾಯಿತು, ಅದರ ಸಂಕೇತ ಕೆಎ 26. ಅಂದರೆ ಮಾಗಡಿಯ ಅಥವಾ ಲಕ್ಷ್ಮೇಶ್ವರದ ಮನೆಯೊಂದರ ಹಳೆಯ ಕಾರಿನ ಮೂಲ ದಾಖಲೆಯನ್ನು ಗದಗಿನಲ್ಲಿ ಹುಡುಕಿದರೆ ಸಾಲದು, ಧಾರವಾಡ ಜಿಲ್ಲೆಯ ಹಳೆಯ ಪುಸ್ತಕಗಳಲ್ಲಿ ಹುಡುಕಬೇಕು. ಈ ನಾಡು ಎಷ್ಟು ಆಡಳಿತಗಳನ್ನು ದಾಟಿ ಬಂತು ಎಂಬುದನ್ನು ಅಂಥ ಕಾರಿನ ಕಾಗದಪತ್ರಗಳೇ ಹೇಳುತ್ತವೆ. ಎಷ್ಟೋ ವರ್ಷಗಳಿಂದ ನವೀಕರಣವಾಗದ ಗಾಡಿ ಕಂಪ್ಯೂಟರಿನಲ್ಲಿ ಸಿಗುವುದೇ ಇಲ್ಲ. ಆಗ ಹಳೆಯ ಡ್ರೈವರು, ಹಳೆಯ ಮೆಕ್ಯಾನಿಕ್ಕು, ಗುಜರಿಯವರು, ಇವರ ನೆನಪೇ ದಾಖಲೆ.

ಸಿಕ್ಕ ಮೇಲೂ ಕಾಗದದ ಕೆಲಸ ತಪ್ಪದು. ಹೆಸರು ಬದಲಾವಣೆಗೆ ಮಾರುವವರೂ ಕೊಳ್ಳುವವರೂ ಫಾರ್ಮ್ 29, 30 ತುಂಬಬೇಕು. ದಾಖಲೆಯಲ್ಲಿದ್ದ ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರ್ಮ್ 31 ತುಂಬಬೇಕು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪಾರಂಪರಿಕ ವಾಹನಗಳಿಗಾಗಿ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ಆ ನಿಯಮದಲ್ಲಿ ‘ವಿಎ’ ಅಕ್ಷರಗಳಿರುವ ಬೇರೆ ಸಂಖ್ಯೆ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ಅಂಥ ಗಾಡಿಯನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮುಂತಾದ ಕಾರಣಗಳಿಗೆ ರಸ್ತೆಗಿಳಿಸಬಹುದೇ ಹೊರತು ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ದಿನವೂ ಸಂತೆಗೆ ಹೋಗಲು ಬೇಕೆಂಬವರು ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುವುದು ಒಳಿತು.

‘ಅದೇ’ ಎಂಬುದಕ್ಕೆ ಎರಡನೆಯ ಉತ್ತರ ತೇರಿನದು. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯಾಗಲಿ, ಗದಗಿನ ತೋಂಟದಾರ್ಯ ಜಾತ್ರೆಯಾಗಲಿ, ತೇರು ಎಳೆಯುವ ಯಾವ ಊರಾಗಲಿ, ತೇರಿನ ಗಾಲಿ ಸವೆದರೆ ಹೊಸ ಗಾಲಿ ಹಾಕುತ್ತಾರೆ. ಅಚ್ಚು ಮುರಿದರೆ ಹೊಸ ಅಚ್ಚು. ಹಲಗೆ ಹುಳು ಹಿಡಿದರೆ ಹೊಸ ಹಲಗೆ. ಆದರೂ ಅದು ಮುತ್ತಜ್ಜ ಎಳೆದ ತೇರೇ ಎಂದು ಜನ ತಿಳಿಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಹಳೆಯ ಕಾರಿನ ವಿಷಯದಲ್ಲೂ ಇಷ್ಟು ಒಪ್ಪಬೇಕಾಗುತ್ತದೆ. ಟೈರು, ಬ್ಯಾಟರಿ, ಬ್ರೇಕಿನ ರಬ್ಬರು, ವೈರು, ಪೆಟ್ರೋಲ್ ಪೈಪು, ಗ್ಯಾಸ್ಕೆಟ್ಟು ಇವು ಹಳೆಯವೇ ಇರಲಿ ಎಂದು ಹಟ ಹಿಡಿದರೆ ಅಪಾಯ. ಅದರಲ್ಲೂ 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಶೇಕಡಾ 20ಕ್ಕೆ ಏರಿದೆ. ಐವತ್ತು ವರ್ಷದ ಹಿಂದಿನ ರಬ್ಬರು ಇದನ್ನು ತಾಳುವುದಿಲ್ಲ, ಮೆತ್ತಗಾಗಿ ಸೋರುತ್ತದೆ. ಇಂಥ ಕಡೆ ಹೊಸ ಸಾಮಾನು ಹಾಕುವುದೇ ಜಾಣತನ.

ಮೂರನೆಯ ಉತ್ತರ ಗುಡಿಯದು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಕಳೆದ ದಶಕದಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ಅದರ ಜೀರ್ಣೋದ್ಧಾರ ನಡೆದುದನ್ನು ಈ ಭಾಗದವರು ಬಲ್ಲರು. ಗುಡಿಯ ಜೀರ್ಣೋದ್ಧಾರದಲ್ಲಿ ತಿಳಿದವರು ಪಾಲಿಸುವ ಕ್ರಮವೊಂದಿದೆ. ಸರಿದ ಕಲ್ಲುಗಳಿಗೆ ಸಂಖ್ಯೆ ಬರೆದು ಬಿಚ್ಚಿ, ಅಡಿಪಾಯ ಗಟ್ಟಿ ಮಾಡಿ, ಅವೇ ಕಲ್ಲುಗಳನ್ನು ಅವೇ ಜಾಗಕ್ಕೆ ಕೂಡಿಸುತ್ತಾರೆ. ಮೂಗು ಮುರಿದ ಮೂರ್ತಿಗೆ ಸಿಮೆಂಟಿನ ಮೂಗು ಇಡುವುದಿಲ್ಲ. ಸ್ಮಾರಕಗಳ ರಕ್ಷಣೆಯ ಬಗ್ಗೆ 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಒಪ್ಪಿದ ಸನ್ನದಿನ ತಿರುಳೂ ಇದೇ: ಎಲ್ಲಿ ಊಹೆ ಶುರುವಾಗುತ್ತದೋ ಅಲ್ಲಿ ಜೀರ್ಣೋದ್ಧಾರದ ಕೈ ನಿಲ್ಲಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಟ್ಯೂರಿನ್ ಸನ್ನದು ಎಂಬ ಹೆಸರಿನಲ್ಲಿ ಇದೇ ತತ್ವವನ್ನು ಕಾರು, ಮೋಟಾರ್ ಸೈಕಲ್ಲುಗಳಿಗೂ ಅನ್ವಯಿಸಿತು. ಬದಲಿಸಲೇಬೇಕಾದ್ದನ್ನು ಮಾತ್ರ ಬದಲಿಸು, ಬಳಸಿದ ಗುರುತುಗಳನ್ನು ಉಳಿಸು, ಏನು ಮಾಡಿದೆ ಎಂಬುದನ್ನು ಬರೆದಿಡು ಎಂಬುದು ಅದರ ಒಟ್ಟು ಸಾರ.

ಇದನ್ನು ಗ್ಯಾರೇಜಿಗೆ ತಂದು ನೋಡೋಣ. ಕೊಟ್ಟಿಗೆಯಲ್ಲೋ ಗುಜರಿಯಲ್ಲೋ ಸಿಕ್ಕ ಫಿಯಾಟು ಹುಬ್ಬಳ್ಳಿಯ ಗ್ಯಾರೇಜಿಗೆ ಬಂದಿತೆನ್ನಿ. ಗದಗ ಸೀಮೆಯ ಒಣ ಹವೆಯಲ್ಲಿ ನಿಂತ ಕಾರಿಗೆ ಒಂದು ಭಾಗ್ಯ ಉಂಟು. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ ಉಂಡ ಕಾರಿನಷ್ಟು ಅದು ತುಕ್ಕು ಹಿಡಿದಿರುವುದಿಲ್ಲ. ಆದರೆ ಬಿಸಿಲು ರಬ್ಬರನ್ನೂ ರೆಕ್ಸಿನ್ನನ್ನೂ ಸೀಳಿರುತ್ತದೆ, ಇಲಿ ವೈರುಗಳನ್ನು ಕಡಿದಿರುತ್ತದೆ, ಎರೆಮಣ್ಣಿನ ನೆಲದಲ್ಲಿ ಗಾಲಿ ಹೂತು ಅಡಿಭಾಗ ಸವೆದಿರುತ್ತದೆ. ಮೊದಲು ಬಾಡಿಯನ್ನು ಬಿಚ್ಚಬೇಕು. ಕೊಳೆತ ತಗಡನ್ನು ಕತ್ತರಿಸಿ ಹೊಸ ತುಂಡು ವೆಲ್ಡಿಂಗ್ ಮಾಡಬೇಕು. ಟಿಂಕರ್ ಕೆಲಸದವನು ಒಳಗಿನಿಂದ ಬಡಿದು ತಗ್ಗು ಏರಿಸಬೇಕು. ಎಂಜಿನ್ ಕಚ್ಚಿಕೊಂಡಿದ್ದರೆ ಎಣ್ಣೆ ಬಿಟ್ಟು ದಿನಗಟ್ಟಲೆ ಕಾದು ಬಿಡಿಸಬೇಕು. ಬೋರು ಸವೆದಿದ್ದರೆ ಲೇತಿಗೆ ಕೊಟ್ಟು ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕು. ನಿಕ್ಕಲ್, ಕ್ರೋಮಿನ ಹೊಳಪು ಹೋದ ಬಂಪರಿಗೆ ಮತ್ತೆ ಲೇಪ ಕೊಡಿಸಬೇಕು. ಒಳ್ಳೆಯ ಕೈ ಸಿಕ್ಕರೂ ತಿಂಗಳುಗಳ ಕೆಲಸ, ಸಿಗದಿದ್ದರೆ ವರ್ಷಗಳದು.

ಬಿಡಿಭಾಗಗಳ ತಾಪತ್ರಯ ಬೇರೆ. ಫಿಯಾಟು 1974ರ ಸುಮಾರಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು ಸುಮಾರು 2000ದವರೆಗೆ ತಯಾರಾಯಿತು. ಅಂಬಾಸಿಡರ್ 2014ರಲ್ಲಿ ನಿಂತಿತು. ಮುಂಬಯಿಯಲ್ಲಿ ಸಾವಿರಾರು ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಅದರ ಸಾಮಾನುಗಳಿಗೆ ಪೇಟೆ ಇತ್ತು. 2023ರ ಅಕ್ಟೋಬರಿನಲ್ಲಿ ಅಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಹಳೆಯ ಗ್ಯಾರೇಜುಗಳ ಅಟ್ಟದ ಮೇಲೆ ಉಳಿದದ್ದೇ ಇನ್ನು ಮುಂದಿನ ದಾಸ್ತಾನು. ಅದಕ್ಕಿಂತ ವೇಗವಾಗಿ ಕಡಿಮೆಯಾಗುತ್ತಿರುವವರು ಕಾರ್ಬ್ಯುರೇಟರಿನ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಗಳು. ಅವರ ಕೈಕೆಲಸವನ್ನು ಕಲಿಯಲು ಹುಡುಗರು ಬರುತ್ತಿಲ್ಲ. ಹಳೆಯ ಕಾರೊಂದನ್ನು ದುರಸ್ತಿಗೆ ಕೊಡುವುದೆಂದರೆ ಆ ವಿದ್ಯೆಗೂ ನಾಲ್ಕು ದಿನ ಅನ್ನ ಹಾಕಿದಂತೆ.

ಇಷ್ಟೆಲ್ಲ ಮಾಡಿ ಕಡೆಗೆ ತಪ್ಪುವುದು ಹೆಚ್ಚಾಗಿ ಒಂದೇ ಕಡೆ. ಮಕ್ಕಳು ಕಾರನ್ನು ಹೊಚ್ಚ ಹೊಸದಾಗಿ ಮಾಡಿಸುತ್ತಾರೆ. ಅಂಗಡಿಯಲ್ಲಿದ್ದಾಗಲೂ ಇರದ ಹೊಳಪು, ಕಂಪನಿ ಕೊಡದೇ ಇದ್ದ ಬಣ್ಣ, ಚರ್ಮದ ಸೀಟು. ಅಪ್ಪ ಓಡಿಸಿದ ಕಾರು ಹಾಗಿರಲಿಲ್ಲ. ಬಾಗಿಲ ಕೆಳಗೆ ಚಕ್ಕಡಿಯ ಕೀಲು ತಾಗಿ ಆದ ಗೀರು ಇರುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ದೇವರ ಚಿತ್ರ ಅಂಟಿಸಿದ ಕಲೆ ಇರುತ್ತದೆ. ಮುರಿದ ಹಿಡಿಗೆ ಊರ ಬಡಿಗ ಮಾಡಿಕೊಟ್ಟ ಕಟ್ಟಿಗೆಯ ಹಿಡಿ ಇರುತ್ತದೆ. ಕಾರ್ಖಾನೆ ಕೊಟ್ಟದ್ದು ಸಾವಿರಾರು ಮನೆಗಳಿಗೆ ಒಂದೇ ಬಗೆಯ ಕಾರು. ಅದನ್ನು ಆ ಮನೆಯ ಕಾರನ್ನಾಗಿ ಮಾಡಿದ್ದು ಈ ಗುರುತುಗಳು. ಇವನ್ನು ಪುಟ್ಟಿ ಹಾಕಿ ಮುಚ್ಚಿದರೆ ಸಂಖ್ಯೆ ಅದೇ ಇದ್ದರೂ ಕಾರು ಬೇರೆಯಾಗುತ್ತದೆ. ಬಣ್ಣದ ವಿಷಯದಲ್ಲೂ ಹೀಗೇ. ಕಪ್ಪು ಬಿಳುಪು ಫೋಟೋ ಬಣ್ಣ ಹೇಳುವುದಿಲ್ಲ. ಬಾಗಿಲ ಬಿಜಾಗರಿಯ ಹಿಂದೆ, ಡ್ಯಾಶ್‌ಬೋರ್ಡಿನ ಮರೆಯಲ್ಲಿ ಮೆಲ್ಲಗೆ ಉಜ್ಜಿದರೆ ಒಂದರ ಕೆಳಗೊಂದು ಪದರ ಕಾಣುತ್ತವೆ. ಶಾಸನ ಓದುವವರು ಸುಣ್ಣ ತೆಗೆದು ಅಕ್ಷರ ಓದುವಂತೆ ಅದನ್ನು ಓದಬೇಕು. ಕಾರ್ಖಾನೆಯ ಬಣ್ಣ ಒಂದಿರಬಹುದು, ಮಗಳ ಮದುವೆಗೆಂದು ಅಪ್ಪ ಬಳಿಸಿದ ಬಣ್ಣ ಇನ್ನೊಂದಿರಬಹುದು. ಯಾವುದನ್ನು ಉಳಿಸಬೇಕು? ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲ.

ಉತ್ತರ ಗೊತ್ತಿರುವವರು ಅಪ್ಪ. ಆದರೆ ಅಪ್ಪನನ್ನು ಕೇಳುವಂತಿಲ್ಲ, ಏಕೆಂದರೆ ಇದು ಅಚ್ಚರಿಯ ಉಡುಗೊರೆ!

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗುಟ್ಟಾಗಿ ತಂದು ತಟ್ಟನೆ ಕೊಡುವ ಉಡುಗೊರೆ ನಮ್ಮ ಸಂಪ್ರದಾಯದ್ದಲ್ಲ. ನಮ್ಮಲ್ಲಿ ಆಯೇರಿ ಮಾಡುವಾಗ ಯಾರು ಯಾರಿಗೆ ಏನು ಕೊಟ್ಟರು ಎಂದು ಹತ್ತು ಜನರ ಮುಂದೆ ಹೇಳುತ್ತಾರೆ. ಮುಯ್ಯಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಕಾಲ ಬಂದಾಗ ತೀರಿಸುತ್ತಾರೆ. ಮಗಳಿಗೆ ಉಡಿ ತುಂಬುವುದು ಓಣಿಯ ಹೆಂಗಸರೆಲ್ಲ ನೋಡುತ್ತಿರುವಾಗ. ಕೊಡುವುದು, ಕೊಳ್ಳುವುದು ಎರಡೂ ಮಾತುಕತೆಯ ಬಗೆಗಳು. ಅಚ್ಚರಿಯ ಉಡುಗೊರೆ ಹೊರಗಿನಿಂದ ಬಂದದ್ದು. ಹೊರಗಿನದೆಂದ ಮಾತ್ರಕ್ಕೆ ಕೆಟ್ಟದ್ದೆಂದಲ್ಲ, ಅದರ ಸಂತೋಷ ಅದಕ್ಕಿದೆ. ಆದರೆ ಇತ್ತೀಚೆಗೆ ಅದಕ್ಕೆ ಮೊಬೈಲ್ ಫೋನಿನ ಚಿತ್ರೀಕರಣವೂ ಸೇರಿಕೊಂಡಿದೆ. ಬಟ್ಟೆ ಸರಿಸಿದ ಕೂಡಲೇ ಅಪ್ಪ ಅಳಬೇಕು, ಅತ್ತದ್ದು ಚಿತ್ರದಲ್ಲಿ ಬರಬೇಕು. ಅಳದೆ ಸುಮ್ಮನೆ ನಿಂತರೆ ಮಕ್ಕಳಿಗೆ ನಿರಾಶೆ. ಉಡುಗೊರೆ ಯಾರಿಗಾಗಿ ಎಂಬ ಪ್ರಶ್ನೆ ಆಗ ಏಳುತ್ತದೆ.

ಅಪ್ಪ ಸುಮ್ಮನೆ ನಿಲ್ಲುವುದಕ್ಕೆ ಕಾರಣವೂ ಇರುತ್ತದೆ. ಕಾರು ಕೊಂಡದ್ದು ಹೆಮ್ಮೆಯ ನೆನಪಾದರೆ ಮಾರಿದ್ದು ಹಾಗಿರಬೇಕೆಂದಿಲ್ಲ. ಸಾಲಗಾರ ಬಂದು ಅಂಗಳದಲ್ಲಿ ನಿಂತ ದಿನ, ದುಡಿಮೆ ಬಿದ್ದು ಹೋದ ವರ್ಷ, ಅಣ್ಣತಮ್ಮಂದಿರು ಮಾತು ಬಿಟ್ಟ ಗಳಿಗೆ, ಇವುಗಳ ಜೊತೆಗೆ ಆ ಕಾರಿನ ನೆನಪು ಗಂಟು ಹಾಕಿಕೊಂಡಿರಬಹುದು. ಮಕ್ಕಳು ಆಗ ಚಿಕ್ಕವರು. ಅವರಿಗೆ ನೆನಪಿರುವುದು ಹಿಂದಿನ ಸೀಟಿನ ಕಿಟಕಿ ಮತ್ತು ಬೀಸುವ ಗಾಳಿ. ಅಪ್ಪನಿಗೆ ನೆನಪಿರುವುದು ಕೀಲಿಕೈ ಎಣಿಸಿ ಕೊಟ್ಟ ಸಂಜೆ. ಕಾರನ್ನು ತಂದು ನಿಲ್ಲಿಸಿದಾಗ ಎರಡೂ ಒಟ್ಟಿಗೇ ಬರುತ್ತವೆ. ಆದ್ದರಿಂದ ಹುಡುಕಹೊರಡುವ ಮೊದಲು ಮಕ್ಕಳು ತಿಳಿಯಬೇಕಾದ್ದು ಕಾರು ಎಲ್ಲಿದೆ ಎಂಬುದಕ್ಕಿಂತ ಅದು ಹೋದದ್ದು ಏಕೆ ಎಂಬುದನ್ನು. ಅವ್ವನಿಗೆ ಅದು ಗೊತ್ತಿರುತ್ತದೆ. ಅವ್ವ ಬೇಡ ಎಂದರೆ ಆ ಮಾತು ಕೇಳುವುದು ಒಳ್ಳೆಯದು.

ಲಾಲ್ ಬಹಾದುರ್ ಶಾಸ್ತ್ರಿಯವರ ಫಿ‌ಯಾಟಿನ ಸಂಗತಿ ಇಲ್ಲಿ ನೆನಪಾಗಬೇಕು. ಪ್ರಧಾನಿಯಾದ ಮೇಲೂ ಅವರ ಮನೆಯಲ್ಲಿ ಸ್ವಂತ ಕಾರಿರಲಿಲ್ಲ. ಮನೆಯವರ ಒತ್ತಾಯಕ್ಕೆ ಸುಮಾರು 12,000 ರೂಪಾಯಿಯ ಫಿಯಾಟ್ ಕೊಂಡರು. ಕೈಯಲ್ಲಿದ್ದದ್ದು 7,000. ಉಳಿದ 5,000ಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಿದರು. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ತೀರಿಕೊಂಡಾಗ ಸಾಲ ಇನ್ನೂ ಉಳಿದಿತ್ತು. ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಆ ಕಾರು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ನೋಡುವವರ ಕಣ್ಣಿಗೆ ಅದೊಂದು ಸಾಧಾರಣ ಫಿಯಾಟು. ಸಾಲದ ಕಥೆ ತಿಳಿದರೆ ಮಾತ್ರ ಅದು ಶಾಸ್ತ್ರಿಯವರ ಕಾರು.

ಕಾಲವನ್ನೂ ಮರೆಯುವಂತಿಲ್ಲ. ದೇಶದ ಮೊಟ್ಟಮೊದಲ ಮಾರುತಿ 800 ಕಾರಿನ ಕೀಲಿಯನ್ನು 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ದೆಹಲಿಯ ಹರ್‌ಪಾಲ್ ಸಿಂಗ್ ಎಂಬವರಿಗೆ ಕೊಟ್ಟರು. ಅವರು ಕಡೆಯವರೆಗೂ ಅದನ್ನು ಮಾರಲಿಲ್ಲ. 2010ರಲ್ಲಿ ಅವರು ತೀರಿಕೊಂಡ ಮೇಲೆ ಕಾರು ಮನೆಯ ಹೊರಗೆ ಮಳೆ ಬಿಸಿಲಿಗೆ ನಿಂತು ತುಕ್ಕು ಹಿಡಿಯಿತು. ಮುಂದೆ ಕಂಪನಿಯೇ ಅದನ್ನು ದುರಸ್ತಿ ಮಾಡಿಸಿ 2022ರಲ್ಲಿ ತನ್ನ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿತು. ಕಾರು ಉಳಿಯಿತು, ಅದು ಸಂತೋಷದ ಸಂಗತಿ. ಆದರೆ ಓಡಿಸಿದವರು ನೋಡಲಿಲ್ಲ. ಎಪ್ಪತ್ತು ಎಂಬತ್ತು ವಯಸ್ಸಿನ ತಂದೆಗೆ ಉಡುಗೊರೆ ಕೊಡಬೇಕೆಂದು ಎರಡು ಮೂರು ವರ್ಷ ಗುಟ್ಟಾಗಿ ದುರಸ್ತಿ ಮಾಡಿಸುವವರು ಈ ಲೆಕ್ಕವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಣ್ಣಿನ ಪೊರೆ, ಮಂಡಿಯ ನೋವು, ಮರೆವು ಇವು ಗ್ಯಾರೇಜಿನವರ ತಾರೀಖು ನೋಡಿ ಬರುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಅಚ್ಚರಿಯನ್ನು ಪೂರ್ತಿ ಬಿಡಬೇಕಾಗಿಲ್ಲ. ಅದನ್ನು ಸ್ವಲ್ಪ ಹಿಂದಕ್ಕೆ ತಂದರೆ ಸಾಕು. ಕಾರು ಸಿಕ್ಕಿ, ಸಂಖ್ಯೆಗಳು ಹೊಂದಿ, ಕಾಗದಪತ್ರ ಸರಿಯಾದ ಕೂಡಲೇ, ಇನ್ನೂ ಧೂಳು ಮೆತ್ತಿಕೊಂಡಿರುವಾಗಲೇ ಅಪ್ಪನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಬೇಕು. ಅಚ್ಚರಿ ಅಲ್ಲೂ ಕಡಿಮೆಯೇನೂ ಆಗುವುದಿಲ್ಲ. ಮೊದಲು ಅವರು ಮಾತಾಡದೆ ಒಂದು ಸುತ್ತು ಹಾಕಬಹುದು. ಆಮೇಲೆ ಬಾಗಿಲ ಹಿಡಿ ಮುಟ್ಟಿ, ‘ಇದು ನಮ್ಮ ಬಡಿಗ್ಯಾ ಮಾಡಿಕೊಟ್ಟಿದ್ದಲ್ಲೇನ?’ ಎಂದು ಕೇಳಬಹುದು. ಅಲ್ಲಿಂದ ಮಾತು ಶುರುವಾಗುತ್ತದೆ. ಈ ಗೀರು ಎಲ್ಲಿ ಆಯಿತು, ಈ ಬಣ್ಣ ಯಾವಾಗ ಬಳಿಸಿದ್ದು, ಗದಗಿನಿಂದ ಬರುವಾಗ ಯಾವ ಹಳ್ಳದಲ್ಲಿ ನಿಂತು ಹೋಗಿತ್ತು, ಯಾರ ಹೆರಿಗೆಗೆ ಓಡಿತ್ತು, ಕಡೆಗೆ ಮಾರಬೇಕಾದದ್ದು ಏಕೆ. ಯಾವ ತಗ್ಗು ಏರಿಸಬೇಕು, ಯಾವುದು ಹಾಗೇ ಇರಲಿ ಎಂಬುದನ್ನು ಅವರೇ ಹೇಳುತ್ತಾರೆ. ಗ್ಯಾರೇಜಿನ ಮೇಸ್ತ್ರಿಗೂ ಅದರಷ್ಟು ಒಳ್ಳೆಯ ನಕಾಶೆ ಬೇರೆ ಸಿಗದು. ಮೊದಲೆಲ್ಲ ಸುಮ್ಮನೇ ಕೂತಿರುತ್ತಿದ್ದ ಮನುಷ್ಯ ವಾರಕ್ಕೊಮ್ಮೆ ಗ್ಯಾರೇಜಿಗೆ ಹೋಗಲು ತಾನೇ ಧೋತರ ಉಟ್ಟು ತಯಾರಾಗುವುದೂ ಉಡುಗೊರೆಯ ಭಾಗವೇ.

ಆ ಮಾತುಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಕೊಂಡ ವರ್ಷ, ಕೊಟ್ಟ ಬೆಲೆ, ಹೋದ ಊರುಗಳು, ಮಾರಿದ ಕಾರಣ, ಮರಳಿ ಸಿಕ್ಕ ಜಾಗ, ಬದಲಿಸಿದ ಭಾಗಗಳು, ಉಳಿಸಿದ ಭಾಗಗಳು. ಪುಲಿಗೆರೆಯ ಕಲ್ಲುಗಳ ಮೇಲೆ ಸಾವಿರ ವರ್ಷದ ಹಿಂದೆ ಬರೆದದ್ದೂ ಹೆಚ್ಚು ಕಡಿಮೆ ಇಂಥದೇ ವಿವರ: ಯಾರು ಕೊಟ್ಟರು, ಎಲ್ಲೆ ಯಾವುದು, ನೋಡಿಕೊಳ್ಳುವವರು ಯಾರು. ಕಾರು ಇನ್ನು ಐವತ್ತು ವರ್ಷ ಓಡುತ್ತದೆಂದು ಯಾರೂ ಹೇಳಲಾರರು. ಪೆಟ್ರೋಲು ಸಿಗುತ್ತದೆಯೋ ಇಲ್ಲವೋ ಅದೂ ತಿಳಿಯದು. ಆದರೆ ಮುಂದೆ ಮೊಮ್ಮಗಳೊಬ್ಬಳು ಆ ಬಾಗಿಲು ತೆಗೆದಾಗ ಗೂಡಿನಲ್ಲಿ ಆ ನೋಟುಬುಕ್ಕು ಇದ್ದರೆ, ಈ ಗೀರು ಯಾವುದು, ಇದನ್ನೇಕೆ ಯಾರೂ ಅಳಿಸಲಿಲ್ಲ ಎಂಬುದು ಅವಳಿಗೆ ತಿಳಿಯುತ್ತದೆ.